ಎಂಜಿನ್ ದೊಡ್ಡದು ಮಾಡ್ರಿ

ನಿಂತ ಲಾರಿಯ ಎಂಜಿನ್ನನ್ನು ಚಾಲೂ ಇಡಬೇಕೋ ಬೇಡವೋ ಎಂಬ ವಾದವನ್ನು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ಈಗ ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತೇನೆ. ಅಪ್ಪ ಲಾರಿ ಡ್ರೈವರ್, ಅವ್ವನಿಗೆ ದಮ್ಮು. ಬೆಟಗೇರಿಯಲ್ಲಿ ನಮ್ಮ ಮನೆ ಒಂದು ಹತ್ತಿ ಗಿರಣಿಯ ಎದುರಿಗಿತ್ತು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಹತ್ತಿ ಹೇರಿಕೊಂಡು ಬಂದ ಲಾರಿಗಳು ಗೇಟು ತೆರೆಯುವ ತನಕ ನಮ್ಮ ಬಾಗಿಲ ಮುಂದೆ ಗುರುಗುಡುತ್ತ ಸಾಲಾಗಿ ನಿಲ್ಲುತ್ತಿದ್ದವು. ಎಪ್ಪತ್ತರ ದಶಕದ ಆ ಲಾರಿಗಳ ಹೊಗೆ ಅಂದರೆ ಹೊಗೆ. ಒಣಹಾಕಿದ ಬಿಳಿ ಬಟ್ಟೆಯನ್ನು ಸಂಜೆ ಮತ್ತೊಮ್ಮೆ ಒಗೆಯಬೇಕಾಗುತ್ತಿತ್ತು.

ಅವ್ವ ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ರಾಟಿ ತಿರುವುತ್ತ ಕೂತವಳು ಒಮ್ಮೆಲೇ ನೂಲು ಬಿಟ್ಟು, ಎರಡೂ ಅಂಗೈ ನೆಲಕ್ಕೆ ಊರಿ, ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು. ಆಗ ನಾನು ಬೀದಿಗೆ ಹಾರುತ್ತಿದ್ದೆ. ನನ್ನ ನಾಲಿಗೆಯ ಖ್ಯಾತಿ ಇಡೀ ಓಣಿಗೆ ಹಬ್ಬಿತ್ತು. ಡ್ರೈವರುಗಳು ಬೈಸಿಕೊಂಡೂ ನಗುತ್ತಿದ್ದರು.

“ಬ್ಯಾಟರಿ ಕುಂತೈತಿ ಯವ್ವಾ. ಒಮ್ಮೆ ಬಂದ್ ಆತಂದ್ರ ಧಕ್ಕಾ ಹೊಡ್ಯಾಕ ನೀ ಬರ್ತೀಯೇನು?”

ನನ್ನ ಸಿಟ್ಟು ಏರುತ್ತಿದ್ದುದು ಅಪ್ಪನೂ ಅವರ ಪರ ವಹಿಸುತ್ತಿದ್ದುದಕ್ಕೆ. ಅವರ ಹೊಟ್ಟೆಪಾಡೂ ನೋಡಬೇಕಲ್ಲ ಎನ್ನುತ್ತಿದ್ದ. ಆದರೆ ತಾನು ಮಾತ್ರ ಲಾರಿಯನ್ನು ದೂರದ ಇಳಿಜಾರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮನೆಗೆ ನಡೆದು ಬರುತ್ತಿದ್ದ. ಹೊರಡುವಾಗ ಕಲ್ಲು ತೆಗೆದು, ಗಾಡಿ ಉರುಳಿದಾಗ ಗೇರು ಹಾಕಿದರೆ ಚಾಲೂ ಆಗುತ್ತಿತ್ತು. ನಮ್ಮ ಓಣಿಯೋ ಪೂರಾ ಸಪಾಟು.

ಇನ್ನು ಅವ್ವನ ಮಾತಿನ ಮಡಿ. ‘ಆರಿಸು’ ಎನ್ನುವ ಮಾತೇ ನಮ್ಮ ಮನೆಯಲ್ಲಿ ಇರಲಿಲ್ಲ. ದೀಪ ಆರಿಸು ಎಂದರೆ ಅಪಶಕುನ, ‘ದೀಪ ದೊಡ್ಡದು ಮಾಡು’ ಎನ್ನಬೇಕು. ಎಷ್ಟೋ ಮನೆಗಳಲ್ಲಿ ಹಾಗೆಯೇ ಅನ್ನುತ್ತಾರೆ. ಅವ್ವ ಅದನ್ನು ದೀಪಕ್ಕಷ್ಟೇ ಬಿಡಲಿಲ್ಲ. ದಮ್ಮು ಹೆಚ್ಚಾದಂತೆ ‘ಬಂದ್’ ಎಂಬ ಮಾತಿಗೂ ಹೆದರತೊಡಗಿದಳು. ಒಲೆ ದೊಡ್ಡದು ಮಾಡು, ರೇಡಿಯೋ ದೊಡ್ಡದು ಮಾಡು, ಕೊನೆಗೆ ಗಾಡಿಯನ್ನೂ ದೊಡ್ಡದು ಮಾಡು.

“ನೀ ರೇಡಿಯೋ ದೊಡ್ಡದು ಮಾಡಂದ್ರ ಓಣಿ ಮಂದಿ ಕಿವಿ ಮುಚ್ಚಿಕೊಂತಾರ” ಎಂದು ಅಪ್ಪ ಕಾಡಿಸುತ್ತಿದ್ದ. ಅವ್ವ ನಗುತ್ತಿದ್ದಳು, ನಕ್ಕರೆ ಕೆಮ್ಮು ಬರುತ್ತಿತ್ತು. ಬರಬರುತ್ತ ನನ್ನ ನಾಲಿಗೆಗೂ ಅದೇ ರೂಢಿಯಾಯಿತು.

ನನಗಾಗ ಹತ್ತೊಂಬತ್ತು. ಅಪ್ಪ ಶೇಂಗಾ ತರಲು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಬೆಳಿಗ್ಗೆ ಒಂದು ಲಾರಿ ನಮ್ಮ ಗೋಡೆಗೆ ಒತ್ತಿ ನಿಂತಿತು, ಅದರ ಸೈಲೆನ್ಸರ್ ಸರಿಯಾಗಿ ಕಿಟಕಿಯ ನೇರಕ್ಕೆ. ಅವ್ವನಿಗೆ ಎದ್ದಾಗಿನಿಂದಲೇ ಉಸಿರು ಸಿಗುತ್ತಿರಲಿಲ್ಲ. ಕಿಟಕಿ ಮುಚ್ಚಿದೆ, ಗಾಳಿಯೇ ಇಲ್ಲ. ತೆರೆದೆ, ಬರೀ ಹೊಗೆ. ಅವ್ವ ನನ್ನ ಮುಂಗೈ ಹಿಡಿದುಕೊಂಡು ಕಣ್ಣಿನಲ್ಲೇ ಹೊರಗೆ ತೋರಿಸಿದಳು. ತುಟಿ ನೀಲಿಯಾಗಿತ್ತು. ಆ ಕೈ ಬಿಡಿಸಿಕೊಂಡು ಹೋಗಲು ನನಗೆ ಧೈರ್ಯವಾಗಲಿಲ್ಲ. ಕೂತಲ್ಲಿಂದಲೇ ಕೂಗಿದೆ.

“ಯಣ್ಣಾ, ಎಂಜಿನ್ ದೊಡ್ಡದು ಮಾಡ್ರೀ! ಜಲ್ದಿ ದೊಡ್ಡದು ಮಾಡ್ರೀ!”

ಅವನು ಮಾಡಿದ. ಎಂಜಿನ್ ಅಬ್ಬರಿಸಿತು, ಕರಿ ಹೊಗೆ ಮನೆಯೊಳಗೆ ನುಗ್ಗಿತು. ನಾನು ಇನ್ನೂ ಜೋರಾಗಿ ಕೂಗಿದೆ, ಅವನು ಇನ್ನೂ ಜೋರಾಗಿ ಒತ್ತಿದ. ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಇವನೆಂಥ ರಾಕ್ಷಸ ಎಂದು ಹಲ್ಲು ಕಡಿದೆನೇ ಹೊರತು ತಪ್ಪು ನನ್ನ ಮಾತಿನಲ್ಲಿದೆ ಎಂದು ಹೊಳೆಯಲೇ ಇಲ್ಲ. ಅವ್ವನ ಹಿಡಿತ ಸಡಿಲಾಯಿತು. ಆಗ ಹೊರಗೆ ಓಡಿ, ಲಾರಿಯ ಬಾಗಿಲು ಗುದ್ದಿ, “ಬಂದ್ ಮಾಡೋ!” ಎಂದು ಚೀರಿದೆ.

ಬಂದ್ ಮಾಡಿದ. ಇಳಿದು ಬಂದವನು ಅಪ್ಪನ ಪರಿಚಯದವನೇ, ಹಿರೇವಡ್ಡಟ್ಟಿಯವನು. ಒಳಗೆ ಇಣುಕಿ ಅವ್ವನನ್ನು ನೋಡಿದವನೇ, “ದವಾಖಾನಿಗೆ ಒಯ್ಯೂಣು, ಎತ್ತು ತಂಗಿ” ಎಂದ. ಇಬ್ಬರೂ ಎತ್ತಿ ಲಾರಿಯಲ್ಲಿ ಕೂರಿಸಿದೆವು. ಅವನು ಕೀಲಿ ತಿರುವಿದ. ಟಿಕ್ ಎಂದಿತು, ಅಷ್ಟೇ. ಮತ್ತೆ ತಿರುವಿದ. ಮತ್ತೆ ಟಿಕ್.

ಬರಿಗಾಲಲ್ಲೇ ಧುಮುಕಿ ಧಕ್ಕಾ ಹೊಡೆದೆ. ನೇಕಾರರು ಮಗ್ಗ ಬಿಟ್ಟು ಬಂದರು, ಗಿರಣಿಯ ಹಮಾಲರು ಬಂದರು. ಹತ್ತಿ ತುಂಬಿದ ಗಾಡಿ ಒಂದು ಮೊಳ ಸರಿದು ನಿಲ್ಲುತ್ತಿತ್ತು. ಈಗಷ್ಟೇ ಬಂದ್ ಮಾಡೆಂದು ಚೀರಿದ್ದ ನಾನು ಅದರ ಹಲಗೆಗೆ ಹಣೆ ಹಚ್ಚಿ, ಚಾಲೂ ಆಗಪ್ಪಾ, ಒಮ್ಮೆ ಚಾಲೂ ಆಗು ಎಂದು ಬೇಡಿಕೊಳ್ಳುತ್ತಿದ್ದೆ. ಬಂದ್ ಮಾಡಿಸದಿದ್ದರೆ ಇಷ್ಟೊತ್ತಿಗೆ ದವಾಖಾನೆ ಮುಟ್ಟಿರುತ್ತಿದ್ದೆವು. ಓಣಿಯ ತುದಿಗೆ ಬಂದಾಗ ಎಂಜಿನ್ ಕೆಮ್ಮಿ ಹತ್ತಿಕೊಂಡಿತು.

ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಎಂಜಿನ್ ಸದ್ದಿನಲ್ಲಿ ಅವಳ ಉಸಿರು ಕೇಳಿಸುತ್ತಿರಲಿಲ್ಲ.

“ದೊಡ್ಡದು ಮಾಡಂತ ಯಾಕಂದಿ?” ಅವನು ರಸ್ತೆ ನೋಡುತ್ತಲೇ ಕೇಳಿದ. “ಡ್ರೈವರ್ ಮಗಳು, ಬ್ಯಾಟರಿ ಚಾರ್ಜ್ ಆಗ್ಲಿ ಅಂತ ಹೇಳಾಕತ್ತಾಳ ಅನ್ಕೊಂಡ್ನಿ.”

“ನಮ್ಮ ಮನ್ಯಾಗ ಬಂದ್ ಮಾಡು ಅನ್ನೂದಿಲ್ರಿ.”

“ನಮ್ಮವ್ವನೂ ದೀಪಕ್ಕ ಹಂಗ ಅಂತಾಳ” ಎಂದ. “ಎಂಜಿನ್ನಿಗೂ ಅಂತಾರಂತ ನನಗ ಹೆಂಗ ತಿಳೀಬೇಕು, ತಂಗಿ?” ಅವನ ಕಣ್ಣು ತುಂಬಿದ್ದವು. ನನಗೆ ಅಳುವೂ ಬರಲಿಲ್ಲ.

ಗದಗಿನ ದವಾಖಾನೆಯ ಮುಂದೆ ಲಾರಿ ನಿಲ್ಲಿಸಿ, “ಇಲ್ಲಿ ಆಗೂದಿಲ್ಲ ಅಂದ್ರ ಹುಬ್ಬಳ್ಳಿಗೆ ಒಯ್ಯೂಣು. ನಾ ಚಾಲೂನ ಇಟ್ಟಿರ್ತೀನಿ” ಎಂದ. ಒಳಗಿನವರು ಅವ್ವನನ್ನು ಎತ್ತಿಕೊಂಡು ಹೋದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ರೆಪ್ಪೆ ಎತ್ತಿ ನೋಡಿದರು. “ದಾರಿಯಲ್ಲೇ ಜೀವ ಹೋಗಿದೆಯಮ್ಮಾ” ಎಂದರು.

ನಾನು ಹೊರಗೆ ಬಂದೆ. ಲಾರಿ ಗುರುಗುಡುತ್ತಿತ್ತು. ಅವನು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಕಾಯುತ್ತಿದ್ದ.

“ಹುಬ್ಬಳ್ಳಿಗೇನು, ತಂಗಿ?”

ಅವ್ವ ಹೋದಳು ಎನ್ನಲು ನಾಲಿಗೆ ಏಳಲಿಲ್ಲ.

“ದೊಡ್ಡದು ಮಾಡ್ರಿ, ಯಣ್ಣಾ” ಎಂದೆ.

ನನ್ನ ಮುಖ ನೋಡಿದ. ಈ ಸಲ ಅವನಿಗೆ ತಿಳಿಯಿತು. ಎಂಜಿನ್ ನಿಲ್ಲಿಸಿದ.