ಅಕ್ಕನ ಎಡಗಣ್ಣು, ನನ್ನ ಚಿಮಟ

ನಮ್ಮೂರು ಮರಳಿಯಲ್ಲಿ ಯಾರ ಕಾಲಿಗೆ ಜಾಲಿಮುಳ್ಳು ಚುಚ್ಚಿದರೂ ನನ್ನ ಹತ್ತಿರವೇ ಬರುತ್ತಿದ್ದರು. ಮುಳ್ಳು ಕೀಳುವ ಚಿಮಟ ಸದಾ ನನ್ನ ಸೊಂಟದಲ್ಲಿ. ಆ ಹೆಮ್ಮೆಯೇ ಕೆಡಿಸಿತು.

ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಒಂದೇ ಮನೆ, ಒಂದೇ ಒಲೆ. ಮೂರು ವರ್ಷದ ಹಿಂದೆ ಅವಳ ಎಡಗಣ್ಣಿನಿಂದ ನೀರು ಸುರಿಯತೊಡಗಿತು. ಬಿಸಿಲಿಗೆ ಹಿಡಿದು ನೋಡಿದರೆ ಕೆಳರೆಪ್ಪೆಯ ಕೂದಲು ಒಳಗೆ ತಿರುಗಿ ಗುಡ್ಡೆಗೆ ಚುಚ್ಚುತ್ತಿತ್ತು. ಚಿಮಟ ತೆಗೆದೆ.

“ಏ ಸಣ್ಣಾಕಿ, ಕಣ್ಣ ಕಿತ್ತಿಗಿತ್ತಿ, ಹುಷಾರು!”

“ಸುಮ್ನ ಮಲ್ಕೊ ಯಕ್ಕಾ. ಅತ್ತಿ ಮುಂದ ನನ್ನ ಚಾಡಿ ಎಷ್ಟ ಹೇಳೀದಿ! ಇವತ್ತ ಕೈಯಾಗ ಸಿಕ್ಕಿ.”

ನೋವು ಹೋಯಿತು. ತಿಂಗಳೊಳಗೆ ಮತ್ತೆ ಬಂತು. ಕಿತ್ತ ಕೂದಲು ಮೊಟಕಾಗಿ, ಇನ್ನೂ ಚೂಪಾಗಿ ಹುಟ್ಟುತ್ತಿತ್ತು. ಮತ್ತೆ ಕಿತ್ತೆ. ಹೀಗೆ ಎರಡು ವರ್ಷ.

ಒಂದು ದಿನ ಅಕ್ಕ ಗದ್ದೆಗೆ ಹೋದಾಗ ಆಶಾ ಕಾರ್ಯಕರ್ತೆ ಬಂದಳು. “ಯಮ್ಮಾ, ದೊಡ್ಡಮ್ಮಗ ರೆಪ್ಪಿನ ಒಳಗ ಮಡಚಿರಬೇಕ್ರಿ. ಗುಡ್ಡಿಗೆ ಗಾಯ ಆಗ್ತೈತಿ. ಗಂಗಾವತಿಗೆ ಕರ್ಕೊಂಡ ಹೋಗ್ರಿ,” ಎಂದಳು. “ಆತವ್ವಾ” ಎಂದೆ. ಅಕ್ಕನಿಗೆ ಹೇಳಲಿಲ್ಲ. ಜೀವನವಿಡೀ ನನ್ನನ್ನು ಗದರಿದವಳು ಈಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಅದನ್ನು ಡಾಕ್ಟರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಕಣ್ಣು ಕೆಂಪಾಗಿ ಮಂಜು ಕವಿದ ಮೇಲೆ ಕೊಪ್ಪಳದ ದೊಡ್ಡಾಸ್ಪತ್ರೆಗೇ ಹೋದೆವು.

“ತಪ್ಪು ಕೂದಲಿಂದಲ್ಲ ಅಮ್ಮಾರ, ರೆಪ್ಪೀದು,” ಎಂದರು ಡಾಕ್ಟರು. “ವಯಸ್ಸಾಗಿ ಸಡ್ಲಾಗಿ ಒಳಗ ಹೊಳ್ಳೇತಿ. ಬಿಗಿ ಮಾಡಿ ಹೊಲೀತೀನಿ, ಚುಚ್ಚೂದು ನಿಲ್ತೈತಿ. ಆದ್ರ ಗುಡ್ಡಿ ಮ್ಯಾಲ ಬಿದ್ದ ಬಿಳಿ ಕಲಿ ಹೊಲಿಗಿಯಿಂದ ಹೋಗಂಗಿಲ್ಲ. ಮೊದಲ ಬರಬೇಕಿತ್ರಿ.”

ಆಪರೇಷನ್ ಒಂದು ತಾಸೂ ಹಿಡಿಯಲಿಲ್ಲ. ಹೊಲಿಗೆ ಬಿಚ್ಚಿದ ದಿನ ರೆಪ್ಪೆ ನೆಟ್ಟಗೆ ನಿಂತಿತ್ತು. ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಕೇಳಿದೆ:

“ಹ್ಯಾಂಗ ಕಾಣ್ತೀನಿ ಯಕ್ಕಾ?”

“ಹೊಗಿಯಾಗ ನಿಂತಂಗ.”

“ಛಲೋ ಆತ ಬಿಡು, ನನ್ನ ಸುಕ್ಕು ಕಾಣಂಗಿಲ್ಲ.”

ಅವಳು ನಕ್ಕಳು. ನಾನು ಅಂಗೈ ತೆಗೆದೆ. ಈಗ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ: “ನಮ್ಮ ಸಣ್ಣಾಕಿ ಇದ್ದದ್ದಕ್ಕ ಕಣ್ಣ ಇಷ್ಟರ ಉಳದೈತಿ.” ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಫೋನಿನಲ್ಲಿ ಇದನ್ನು ಒತ್ತುತ್ತಾ ಕೂತಾಗ ಅಕ್ಕ ಪಕ್ಕಕ್ಕೆ ಬಂದಳು. “ಏನ ಬರದೀ? ನನಗೂ ಓದಿ ಹೇಳು.”

ಓದಿದೆ. ಆಶಾ ಬಂದ ದಿನದ್ದನ್ನು ಬಿಟ್ಟು ಓದಿದೆ.