ಕಿವಿಗೆ ಹೆದರುತ್ತಿದ್ದವರು

ಹುಣಸೂರು ಬಸ್‌ಸ್ಟ್ಯಾಂಡಿನ ಪಕ್ಕ ಒಬ್ಬ ವಾಚ್ ರಿಪೇರಿಯವರಿದ್ದರು. ಹಳೇ ವಾಚಿನೊಳಗೆ ಬೇರೆ ಮಿಷನ್ ಕೂರಿಸುವಾಗಲೆಲ್ಲ ಬೀದಿಯತ್ತ ಕಳ್ಳನೋಟ ಬೀರಿ, "ಕಣ್ಣಿಗೆ ಮೋಸ ಮಾಡ್ಬೌದು, ಕಿವಿ ಅಂದ್ರೇ ಭಯ ಕಣವ್ವ" ಎನ್ನುತ್ತಿದ್ದರು.

ತಾತನಿಗೆ ಮದುವೆಯಲ್ಲಿ ಹೆಣ್ಣಿನ ಮನೆಯವರು ಕೊಟ್ಟಿದ್ದ ವಾಚು ನಿಂತಾಗ ನಾನೂ ಅವ್ವನೂ ಅವರಲ್ಲಿಗೆ ಹೋದೆವು. ಅವರು ಬಿಚ್ಚಿ ನೋಡಿದರು; ಒಳಗೆಲ್ಲ ತುಕ್ಕು.

"ಬೇರೆ ಮಿಷನ್ನೇ ಗತಿ."

"ಮಾವಂಗೆ ಗೊತ್ತಾಗ್ದಂಗೆ ಆಕ್ಬುಡಿ," ಎಂದಳು ಅವ್ವ.

"ಕೀ ಕೊಡ್ತಾರಾ?"

"ದಿನಾ ಬೆಳಿಗ್ಗೆ. ಆಮೇಲೆ ಕಿವಿಗ್ ಇಟ್ಕತ್ತಾರೆ."

ಅವರು ಬ್ಯಾಟರಿ ಮಿಷನ್ ಪಕ್ಕಕ್ಕಿಟ್ಟು, ಕೀ ಕೊಡುವಂಥದ್ದನ್ನೇ ಹುಡುಕಿ ಕೂರಿಸಿದರು. "ಸಿಕ್ಕಾಕ್ಕೊಂಡ್ರೆ ನನ್ನೆಸ್ರು ಹೇಳ್ಬ್ಯಾಡಿ."

ಮರುದಿನ ತಾತ ಕೀ ಕೊಟ್ಟು, ವಾಚನ್ನು ಕಿವಿಗಿಟ್ಟುಕೊಂಡ. ಅವ್ವ ಬಾಗಿಲ ಮರೆಯಿಂದ ನೋಡಿದಳು.

"ಇದ್ರೊಳಗೆ ಯಾರ್ನ ಕೂರ್ಸಿದ್ದೀಯವ್ವ?"