ಶಾಲೆಗೆ ನೀರು ಬಂದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಗೆ ನೀರು ಬರುತ್ತಿದ್ದದ್ದು ಅಕ್ಕನ ತಲೆಯ ಮೇಲೆ. ನಾವು ಕುರಿ ಕಾಯುವವರು. ಅಪ್ಪ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದ. ನಾನೂ ಅಕ್ಕನೂ ಅಜ್ಜಿಯ ಹತ್ತಿರ ಇರುತ್ತಿದ್ದೆವು. ಶಾಲೆಯಲ್ಲಿ ಕುಡಿಯಲು ಹನಿ ನೀರಿರಲಿಲ್ಲ. ತರುವವರು ಯಾರಾದರೂ ಇದ್ದರೆ ಶಾಲೆ ನಡೆದೀತು ಎಂದು ಮಾಸ್ತರು ಹೇಳಿದ್ದರು. ಅಪ್ಪ ನನ್ನನ್ನು ಅಕ್ಷರಕ್ಕೆ ಕಳಿಸಿದ, ಅಕ್ಕನನ್ನು ನೀರಿಗೆ.

ಬಾವಿ ಇದ್ದದ್ದು ಗುಡ್ಡದ ಆಚೆ. ಅಕ್ಕ ಕೊಡ ಹೊತ್ತು ಬರುವಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತಿತ್ತು. ತೊಯ್ದ ಕೂದಲು ಹಿಂಡಿಕೊಂಡು, ಏದುಸಿರು ಬಿಡುತ್ತಾ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಹೀಗಾಗಿ ಅವಳಿಗೆ ಪ್ರತಿ ಪದ್ಯದ ಕೊನೆ ಮಾತ್ರ ಬಾಯಿಪಾಠ. ಮೊದಲೇನಿತ್ತು ಹೇಳು ಎಂದು ಸಂಜೆ ನನ್ನನ್ನು ಪೀಡಿಸುತ್ತಿದ್ದಳು. ನನಗೆಲ್ಲಿ ನೆನಪಿರಬೇಕು! ವಿದ್ಯೆ ಹತ್ತುತ್ತಿದ್ದದ್ದು ಅವಳಿಗೇ. ನನ್ನ ತಲೆಯಲ್ಲೋ ಬರೀ ಜೇಡಿಮಣ್ಣು.

ಒಂದು ದಿನ ಶಾಲೆಯ ಅಂಗಳದಲ್ಲಿ ಬೋರು ಕೊರೆದು ಕೈಪಂಪು ಹಾಕಿದರು. ಮೊದಲು ಕೆಸರು ಬಂತು, ಆಮೇಲೆ ಕಬ್ಬಿಣದ ವಾಸನೆಯ ತಣ್ಣನೆಯ ನೀರು. ನಾವೆಲ್ಲ ಹೊಟ್ಟೆ ಕುಲುಕುವಷ್ಟು ಕುಡಿದೆವು. ಅಕ್ಕ ಪಂಪಿನ ಹಿಡಿಕೆಗೆ ಜೋತುಬಿದ್ದು ನಗುತ್ತಿದ್ದಳು.

"ನಾಳಿಂದ ನಾನೂ ಪದ್ಯಾ ಮೊದಲಿಂದ ಕೇಳ್ತೀನಿ ನೋಡೋ!" ಎಂದಳು.

ಅದೇ ಸಂಜೆ ಅಪ್ಪ ಹಿಂಡಿನೊಂದಿಗೆ ಊರಿಗೆ ಬಂದ. ಪಂಪಿನ ನೀರು ಕುಡಿದು, ಮುಖ ತೊಳೆದು ಸಂತೋಷಪಟ್ಟ. ಆಮೇಲೆ ಅಕ್ಕನತ್ತ ತಿರುಗಿದ.

"ಸಾಲಿಗೆ ನೀರ ಬಂತಲ್ಲ, ಇನ್ನ ಅಲ್ಲಿ ನಿಂದೇನ ಕೆಲಸ? ನಾಳಿಂದ ಕುರಿ ಬೆನ್ನ ಹತ್ತು."

ಸಿಟ್ಟೇನೂ ಇರಲಿಲ್ಲ, ಕೆಲಸ ಮುಗಿದ ಎತ್ತಿನ ನೊಗ ಬಿಚ್ಚಿದಷ್ಟೇ ಸಹಜವಾಗಿ ಹೇಳಿದ. ಮಾಸ್ತರು ಮನೆಗೇ ಬಂದು ಕೇಳಿಕೊಂಡರು, ಅಪ್ಪ ಕರಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಬೆಳಿಗ್ಗೆ ಅಕ್ಕ ಎಳೆಯ ಮರಿಯೊಂದನ್ನು ಹೆಗಲಿಗೆ ಹಾಕಿಕೊಂಡು ಹಿಂಡಿನ ಹಿಂದೆ ಹೊರಟಳು. ನಾನು ಅತ್ತೆ.

ಮೊಮ್ಮಕ್ಕಳೇ, ಮೊನ್ನೆ ಇಲ್ಲಿ ಅಮೆರಿಕದ ಡ್ಯಾನ್‌ವಿಲ್‌ನಲ್ಲಿ ನಿಮ್ಮ ಸ್ಕೂಲಿನ ನಲ್ಲಿ ಕೆಟ್ಟಾಗ ಎಲ್ಲರ ಕೈಗೂ ನೀರಿನ ಬಾಟಲು ಬಂತು. ನೀರು ತರಲೆಂದು ಯಾರೂ ಕ್ಲಾಸು ಬಿಟ್ಟು ಹೋಗಲಿಲ್ಲ. ಅಕ್ಕನ ಕಥೆ ಕೇಳಿ ನಿಮ್ಮಲ್ಲಿ ಚಿಕ್ಕವಳು ಕಾಲು ನೆಲಕ್ಕೆ ಅಪ್ಪಳಿಸಿದಳು.

"ಅಜ್ಜಾ, ನೀವು ಆ ಪಂಪ್ ಬ್ರೇಕ್ ಮಾಡ್ಬೇಕಿತ್ತು!"

ಮುರಿದಿದ್ದರೆ ಅಕ್ಕ ಮತ್ತೆ ಕೊಡ ಹೊರಬೇಕಿತ್ತು, ಕಂದಾ. ಹೊತ್ತರೆ ಅರ್ಧ ಪಾಠ, ಇಳಿಸಿದರೆ ಅದೂ ಇಲ್ಲ. ನಿನ್ನ ಹಾಗೆ ಸಿಟ್ಟಾಗುವವರು ಅವತ್ತು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.